ಹರಿದ ರಬ್ಬರು ಕೂಡುವ ಬಗೆ

ಸೈಕಲ್ ಟ್ಯೂಬು ಪಂಕ್ಚರ್ ಆದರೆ ಅಂಗಡಿಯವನು ತೂತಿನ ಸುತ್ತ ಉಜ್ಜಿ, ಸಲ್ಯೂಷನ್ ಬಳಿದು, ಮೇಲೊಂದು ಪ್ಯಾಚು ಅಂಟಿಸುತ್ತಾನೆ. ಹರಿದ ಅಂಚುಗಳನ್ನೇ ಒತ್ತಿ ಹಿಡಿದು ಕೂಡಿಸಲು ಹೋಗುವುದಿಲ್ಲ. ಎಷ್ಟು ಹೊತ್ತು ಒತ್ತಿದರೂ ಅವು ಕೂಡವೆಂದು ಅವನಿಗೆ ಗೊತ್ತು. ಏಕೆ ಕೂಡವು?

ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳು. ಬಿಸಿಲಿಗೆ ಜಿಗುಟಾಗಿ, ಚಳಿಗೆ ಗಡುಸಾಗುವ ಹಸಿ ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಪಳಗುತ್ತದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಗಂಧಕವು ಸರಪಳಿಗಳ ನಡುವೆ ಬಲವಾದ ಕೊಂಡಿ ಹಾಕುತ್ತದೆ. ಅಂಥ ರಬ್ಬರು ಒಮ್ಮೆ ಹರಿದರೆ ಮರಳಿ ಕೂಡದು, ಕಾಯಿಸಿದರೆ ಕರಗದು. ಸವೆದ ಟೈರನ್ನು ಕರಗಿಸಿ ಹೊಸ ಟೈರು ಮಾಡಲಾಗದೆ ಊರ ಹೊರಗೆ ರಾಶಿ ಬೀಳುವುದು ಇದರಿಂದಲೇ.

ಇದಕ್ಕೆ ವಿರುದ್ಧವಾದದ್ದು ಅಡುಗೆಮನೆಯಲ್ಲಿದೆ: ಚೈನಾ ಗ್ರಾಸ್. ನೀರಿನಲ್ಲಿ ಕುದಿಸಿದರೆ ಕರಗುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ. ಮತ್ತೆ ಕುದಿಸಿದರೆ ಮತ್ತೆ ಕರಗುತ್ತದೆ. ಇದರಲ್ಲೂ ಇರುವುದು ಸರಪಳಿ ಅಣುಗಳೇ. ಆದರೆ ಅವನ್ನು ಹಿಡಿದಿಡುವುದರಲ್ಲಿ ಹೈಡ್ರೊಜನ್ ಬಂಧದ ಪಾತ್ರ ದೊಡ್ಡದು. ಆಕ್ಸಿಜನ್ ಅಥವಾ ನೈಟ್ರೊಜನ್ನಿಗೆ ಅಂಟಿದ ಹೈಡ್ರೊಜನ್ ತುಸು ಧನ ವಿದ್ಯುದಂಶ ತಳೆದು, ನೆರೆಯ ಅಣುವಿನ ಆಕ್ಸಿಜನ್ ಕಡೆಗೆ ವಾಲುತ್ತದೆ. ಈ ಸೆಳೆತ ಸಾಮಾನ್ಯ ರಾಸಾಯನಿಕ ಬಂಧಕ್ಕಿಂತ ಬಹಳ ದುರ್ಬಲ. ಆದ್ದರಿಂದಲೇ ಬಿಡುವುದೂ ಸುಲಭ, ಮತ್ತೆ ಕೂಡುವುದೂ ಸುಲಭ.

ಒಂದೇ ಬಂಧ ನಿಲ್ಲದಿದ್ದರೂ ಹಲವು ಸಾಲುಗೂಡಿದರೆ ನಿಲ್ಲುತ್ತವೆ. 1997ರಲ್ಲಿ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಬರ್ಟ್ ಮೈಯರ್ ಅವರ ತಂಡ, ಸಾಲಾಗಿ ನಾಲ್ಕು ಹೈಡ್ರೊಜನ್ ಬಂಧ ಕಟ್ಟಬಲ್ಲ ಗುಂಪುಗಳನ್ನು ಅಣುಗಳ ತುದಿಗೆ ಕೂರಿಸಿತು. ಅಣುಗಳು ತಾವಾಗಿಯೇ ಒಂದರ ತುದಿಗೊಂದು ಸೇರಿ ಪಾಲಿಮರಿನಂತೆ ವರ್ತಿಸಿದವು.

2008ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಅವರ ತಂಡ ಇನ್ನೂ ಮುಂದೆ ಹೋಯಿತು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದ ಶಾಲೆಯೇ ಇವರದೂ. ಇವರು ಆರಿಸಿಕೊಂಡದ್ದು ಸಸ್ಯತೈಲದಿಂದ ಬರುವ ಕೊಬ್ಬಿನಾಮ್ಲಗಳನ್ನು. ಕೊಬ್ಬಿನಾಮ್ಲಕ್ಕೆ ನೀರನ್ನು ಬಯಸುವ ತಲೆ, ಎಣ್ಣೆಯನ್ನು ಬಯಸುವ ಬಾಲ. ಸಾಬೂನಾದಾಗ ಈ ಬಾಲಗಳೆಲ್ಲ ಒಳಗೆ ಮುಖ ಮಾಡಿ, ಜಿಡ್ಡನ್ನು ನಡುವೆ ಇಟ್ಟುಕೊಂಡು ಪುಟ್ಟ ಉಂಡೆಗಳಾಗುತ್ತವೆ. ಲೈಬ್ಲರ್ ತಂಡ ಎರಡು ಮೂರು ತಲೆಗಳಿರುವ ಕೊಬ್ಬಿನಾಮ್ಲಗಳನ್ನು ತೆಗೆದುಕೊಂಡು, ಹೊಲಕ್ಕೆ ಹಾಕುವ ಯೂರಿಯಾ ಮೊದಲಾದವುಗಳೊಡನೆ ಕಾಯಿಸಿ, ಆ ತಲೆಗಳನ್ನು ಹೈಡ್ರೊಜನ್ ಬಂಧ ಕಟ್ಟಬಲ್ಲ ಗುಂಪುಗಳಾಗಿ ಮಾರ್ಪಡಿಸಿತು.

ಸಿಕ್ಕಿದ್ದು ಹಲವು ಪಟ್ಟು ಹಿಗ್ಗಿ ಮರಳುವ ರಬ್ಬರು. ಕತ್ತರಿಸಿ, ಅಂಚುಗಳನ್ನು ಸೇರಿಸಿ ಒತ್ತಿದರೆ ಬಿಸಿಯಿಲ್ಲದೆ, ಅಂಟಿಲ್ಲದೆ ಕೂಡಿಕೊಂಡಿತು. ಕೆಲವು ಗಂಟೆ ಬಿಟ್ಟು ಮತ್ತೆ ಎಳೆಯಬಹುದಿತ್ತು. ಕಾಯಿಸಿ ಬೇರೆ ಆಕಾರಕ್ಕೂ ತರಬಹುದಿತ್ತು. ಒಂದೇ ನಿಯಮ: ತುಂಡುಗಳನ್ನು ಬಹಳ ಹೊತ್ತು ಬೇರೆಯಾಗಿ ಬಿಡಬಾರದು. ಬಿಟ್ಟರೆ, ಹರಿದ ಬಂಧಗಳು ತಮ್ಮ ತುಂಡಿನೊಳಗೇ ಹೊಸ ಜೊತೆ ಹುಡುಕಿಕೊಳ್ಳುತ್ತವೆ.

ಹಾಗಾದರೆ ಇದರಲ್ಲೇ ಟೈರು ಮಾಡಬಾರದೇಕೆ? ರಸ್ತೆಯಲ್ಲಿ ಓಡುವ ಟೈರು ಕಾಯುತ್ತದೆ. ಬಿಸಿಗೆ ಸಡಿಲವಾಗುವ ಕೊಂಡಿ ಅಲ್ಲಿ ಭಾರ ಹೊರಲಾರದು. ಕೂಡಿಸಲು ಬರುವಂತೆ ಮಾಡಿದ ಗುಣವೇ ಅಲ್ಲಿ ಅಡ್ಡ ಬರುತ್ತದೆ. ಬಿಸಿಯಲ್ಲೂ ಬಿಡದ, ಆದರೆ ಬೇಕೆಂದಾಗ ಬಿಡಿಸಬಹುದಾದ ಕೊಂಡಿ ಯಾವುದು? ರಾಶಿ ಬಿದ್ದ ಟೈರುಗಳು ಕೇಳುತ್ತಿರುವುದು ಇದನ್ನೇ. ಉತ್ತರ ಹುಡುಕುವ ಕೆಲಸದಲ್ಲಿ ಇಂದಿನ ವಿದ್ಯಾರ್ಥಿಗಳಿಗೂ ಪಾಲಿದೆ.