ದುಡಿಯುತ್ತ ಓದಿದವರ ಪದವಿ

ಚೆನ್ನೈಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕ್ರೈಸ್ತ ಬಂಧುಗಳಲ್ಲಿ ಸಭಾಪಾಲಕರಾಗುವ ಹಂಬಲವುಳ್ಳವರಿಗೆ, ಕೆಲಸ ಬಿಟ್ಟು ದೈವಶಾಸ್ತ್ರದ ಕಾಲೇಜಿನಲ್ಲಿ ವರ್ಷಗಟ್ಟಲೆ ನೆಲಸುವುದು ಸುಲಭವಲ್ಲ. ತಿಂಗಳು ತಿಂಗಳೂ ಊರಿಗೆ ಹಣ ಹೋಗಬೇಕು. ಮನೆಯಲ್ಲಿದ್ದೇ ಓದಿ ಪರೀಕ್ಷೆಗೆ ಕೂರುವುದೇ ಅವರಿಗುಳಿದ ಮಾರ್ಗ. ಅದನ್ನು ಕೀಳುವಿದ್ಯೆಯೆಂದು ಮೂಗುಮುರಿಯುವವರ ಮಾತನ್ನು ನಾವು ಒಪ್ಪಲಾರೆವು.

ವಿಲಿಯಂ ಕೇರಿಯವರು ಇಂಗ್ಲೆಂಡಿನಲ್ಲಿ ಜೋಡು ಹೊಲಿಯುತ್ತಲೇ ಭಾಷೆಗಳನ್ನು ಕಲಿತವರು. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದವರು. ಸಂಗಡಿಗರೊಡನೆ ಅವರು 1818ರಲ್ಲಿ ಬಂಗಾಳದಲ್ಲಿ ಸ್ಥಾಪಿಸಿದ ಸೆರಾಂಪುರದ ಕಾಲೇಜಿಗೆ ಡೆನ್ಮಾರ್ಕಿನ ದೊರೆಯು 1827ರಲ್ಲಿ ಪದವಿ ನೀಡುವ ಅಧಿಕಾರವನ್ನಿತ್ತನು. ಆ ಕಾಲೇಜಿನ ಸೆನೆಟ್ಟೇ ಇಂದು ಉದ್ಯೋಗಸ್ಥರಿಗೆ ಬಾಹ್ಯ ವಿದ್ಯಾರ್ಥಿಗಳಾಗಿ ಓದುವ ಅವಕಾಶವನ್ನು ಕಲ್ಪಿಸಿದೆ.

ಆದರೆ ಎಚ್ಚರಿಕೆಯೂ ಅಗತ್ಯ. ಹಣ ತೆತ್ತೊಡನೆ ಪದವಿಪತ್ರ ಕಳುಹಿಸುವ ಸಂಸ್ಥೆಗಳೂ ಉಂಟು. ಪದವಿ ಕೊಡುವುದು ವಿದ್ಯಾಪೀಠ. ದೀಕ್ಷೆ ಕೊಡುವುದು ಸಭೆ. ಆದುದರಿಂದ ಬೆವರಿನ ಹಣ ತೆರುವ ಮೊದಲು, ಆ ಪದವಿಯನ್ನು ತಮ್ಮ ಸಭೆ ಮಾನ್ಯಮಾಡುವುದೇ ಎಂದು ಬರೆದು ಕೇಳಬೇಕು. ಕಿಲ್ಪಾಕಿನ ಗುರುಕುಲ ಲೂಥರನ್ ಕಾಲೇಜು ಸೆರಾಂಪುರದ ಸೆನೆಟ್ಟಿಗೆ ಸೇರಿದುದು, ಅಲ್ಲಿ ವಿಚಾರಿಸಬಹುದು. ಸಭೆಯ ಹಿರಿಯರಾದರೂ, ಎಲ್ಲಿ ಕುಳಿತು ಓದಿದನೆಂದು ಕೇಳದೆ ಏನನ್ನು ಕಲಿತನೆಂದು ಪರೀಕ್ಷಿಸಲಿ.