ನಾಲ್ಕು ತಿರುಪು, ಎರಡು ತಂತಿ

ಮನೆಯ ಗಣಕಯಂತ್ರ ಕೆಟ್ಟಿತೆಂದರೆ ಗೃಹಸ್ಥನಿಗೆ ಹೊಳೆಯುವುದು ಎರಡೇ ದಾರಿ: ಅಂಗಡಿಗೆ ಹೊತ್ತೊಯ್ಯುವುದು, ಇಲ್ಲವೆ ಹೊಸದನ್ನು ಕೊಳ್ಳುವುದು. ತಾನೇ ತಿರುಪುಳಿ ಹಿಡಿದು ಕೂರುವುದೆಂಬ ಮೂರನೆಯ ದಾರಿಯೊಂದುಂಟು ಎಂದರೆ ಮನೆಮಂದಿಯೆಲ್ಲ ನಕ್ಕಾರು. ಕುಕ್ಕರಿನ ಗ್ಯಾಸ್ಕೆಟ್ಟನ್ನೂ ನಲ್ಲಿಯ ವಾಷರನ್ನೂ ನಿರ್ಭಯವಾಗಿ ಬದಲಿಸುವ ಜನ ಈ ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಕೈ ಹಚ್ಚಲು ಅಂಜುವರು. ಅಂಜಿಕೆ ನಿರಾಧಾರವೆನ್ನಲಾರೆ, ಅದು ಇರಬೇಕಾದ ಸ್ಥಳದಲ್ಲಿ ಇಲ್ಲವೆಂಬುದಷ್ಟೇ ನನ್ನ ತಕರಾರು. ಹಾರ್ಡ್ ಡಿಸ್ಕನ್ನು ಕಳಚಿ ಬೇರೊಂದನ್ನು ಕೂಡಿಸುವುದು ಸುಲಭ. ಹಳೆಯದರ ಹೊಟ್ಟೆಯಲ್ಲಿರುವುದನ್ನು ಉಳಿಸಿಕೊಳ್ಳುವುದು ಕಷ್ಟ.

ಈ ವಸ್ತುವಿನ ಸ್ವಭಾವವನ್ನು ತುಸು ಅರಿತರೆ ಮುಂದಿನದು ತಾನಾಗಿ ತಿಳಿಯುತ್ತದೆ. ೧೯೫೬ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ ೫೦ ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ. ಇಂದಿನ ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೇ ಅಷ್ಟು ಜಾಗ ಸಾಲದಾದೀತು! ಈಗಿನದು ಅಂಗೈಯಗಲದ ಪೆಟ್ಟಿಗೆ. ಒಳಗಿನ ತಟ್ಟೆ ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತದೆ; ಓದುವ ಮೊನೆ ಅದರ ಮೇಲೆ ತಾಗಿಯೂ ತಾಗದಂತೆ ತೇಲುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಕೆಲವೇ ಪಾಲಿನಷ್ಟು ಅಂತರ ಅದು. ಅಲ್ಲಿ ಧೂಳಿನ ಕಣವೊಂದು ಬೆಟ್ಟವೇ ಸರಿ. ಆದುದರಿಂದ ಗಣಕದ ಮುಚ್ಚಳವನ್ನು ಧಾರಾಳವಾಗಿ ತೆಗೆಯಿರಿ. ಡಿಸ್ಕಿನ ಸ್ವಂತ ಮುಚ್ಚಳವನ್ನು ಮಾತ್ರ ಮನೆಯಲ್ಲಿ ಎಂದೂ ತೆಗೆಯಬೇಡಿ.

ನಮ್ಮ ಬೀದಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ತಾಯಿ ಹಾಡುತ್ತಿದ್ದ ಹಸೆಯ ಹಾಡು, ಆರತಿ ಹಾಡು, ಬೀಗರ ಹಾಡುಗಳನ್ನು ಹತ್ತಾರು ವರ್ಷಗಳಿಂದ ಬೆರಳಚ್ಚು ಮಾಡಿ, ಕೆಲವನ್ನು ಆಕೆಯ ಧ್ವನಿಯಲ್ಲೇ ಹಿಡಿದಿಟ್ಟಿದ್ದರು. ತಾಯಿ ಈಗಿಲ್ಲ. ಕಳೆದ ಮಳೆಗಾಲದಲ್ಲಿ ಗಣಕ ಮಂದವಾಯಿತು. ಕಡತಗಳು ಅರ್ಧಕ್ಕೆ ನಿಂತವು. ಅಂಗಡಿಯಾತ ನೋಡಿ, “ಫಾರ್ಮ್ಯಾಟ್ ಮಾಡಿ ಕೊಡ್ತೀನಿ ಸಾರ್” ಎಂದನಂತೆ. ಫಾರ್ಮ್ಯಾಟ್ ಎಂದರೆ ಹಲಗೆ ಒರೆಸಿದಂತೆ ಎಂಬುದನ್ನು ಬಲ್ಲ ಈ ಹಿರಿಯರು ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಮರಳಿ ತಂದರು. “ಏನ್ರೀ ಮೇಷ್ಟ್ರೇ, ನಾನೇ ಬಿಚ್ಚಲೇ?” ಎಂದು ನನ್ನನ್ನು ಕೇಳಿದರು. “ಬಿಚ್ಚುವುದು ಆಮೇಲೆ, ಮೊದಲು ಹಾಡು ಇಳಿಸಿಕೊಳ್ಳಿ ಸಾರ್” ಎಂದೆ.

ಡಿಸ್ಕು ಟಿಕ್ ಟಿಕ್ಕೆಂದು ಬಡಿದುಕೊಳ್ಳುತ್ತಿದ್ದರೆ ಒಂದು ನಿಮಿಷವೂ ಓಡಿಸಬಾರದು. ಒಳಗಿರುವುದು ಅಮೂಲ್ಯವಾದರೆ ಆ ವಿದ್ಯೆಯಲ್ಲಿ ಪಳಗಿದವರಿಗೇ ಒಪ್ಪಿಸಬೇಕು. ಇವರದು ಬರಿಯ ಮಂದಗತಿ. ಮಗಳ ಹೊರಡಿಸ್ಕೊಂದನ್ನು ಜೋಡಿಸಿ, ಮೊದಲು ಧ್ವನಿ, ಬಳಿಕ ಬರೆಹ, ಆಮೇಲೆ ಮದುವೆ ಮುಂಜಿಯ ಚಿತ್ರಗಳು ಎಂಬ ಕ್ರಮದಲ್ಲಿ ನಕಲು ಮಾಡಿದರು. ಸಿನಿಮಾಗಳು ಹೋದರೆ ಹೋಗಲಿ ಎಂದರು. ಈ ವಿವೇಕ ಎಲ್ಲರಿಗೂ ಬಾರದು. ಸಾಯುತ್ತಿರುವ ಡಿಸ್ಕನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಹೋಗಿ, ಬೇಕಾದುದು ಬರುವ ಮೊದಲೇ ಅದರ ಪ್ರಾಣ ತೆಗೆಯುವವರುಂಟು. ಹಠ ಹಿಡಿದ ಕಡತಗಳನ್ನು ಕೊನೆಗೆ ಬಿಡಬೇಕು. ಲಿನಕ್ಸ್ ಬಲ್ಲವರಿಗಾದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೇ ನೀತಿಯಿಂದ ನಡೆಯುತ್ತದೆ: ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ.

ಇನ್ನು ಬದಲಿಸುವ ಕೆಲಸ. ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಹೋಗಲಾಡಿಸಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಳ್ಳಬೇಕು. ಮೈಮೇಲಿನ ಸ್ಥಾಯೀ ವಿದ್ಯುತ್ತು ಸೂಕ್ಷ್ಮ ಭಾಗಗಳಿಗೆ ಶತ್ರು. ಬಿಚ್ಚುವ ಮುನ್ನ ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ. ಡಿಸ್ಕಿಗೆ ಎರಡು ತಂತಿ: ಸಣ್ಣದು ಮಾಹಿತಿಯದು, ಅಗಲವಾದುದು ವಿದ್ಯುತ್ತಿನದು. ಎರಡರ ಬಾಯಿಯೂ ಒಂದು ಬದಿಗೆ ಮಡಿಚಿದಂತಿರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ. ಕೂರದಿದ್ದರೆ ಬಲಪ್ರಯೋಗ ಸಲ್ಲದು. ಸಾಮಾನ್ಯವಾಗಿ ತಿರುಪು ನಾಲ್ಕು. ಹೊಸದಾಗಿ ಕೊಳ್ಳುವುದಾದರೆ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಲೇಸು. ಅದು ಗಾತ್ರದಲ್ಲಿ ಚಿಕ್ಕದಾದುದರಿಂದ ಹಳೆಯ ಗೂಡಿಗೆ ಹೊಂದಿಸಲು ಒಂದು ಚೌಕಟ್ಟು ಬೇಕಾದೀತು. ಲ್ಯಾಪ್‌ಟಾಪಿನವರು ಕೊಳ್ಳುವ ಮೊದಲು ತಮ್ಮದರೊಳಗೆ ಯಾವ ಬಗೆಯದಿದೆ ಎಂದು ನೋಡಿಕೊಳ್ಳಬೇಕು. ಕೆಲವದರಲ್ಲಿ ಅದನ್ನು ಬೆಸುಗೆ ಹಾಕಿಯೇ ಇಟ್ಟಿರುತ್ತಾರೆ, ಅಲ್ಲಿ ನಮ್ಮ ತಿರುಪುಳಿಗೆ ಕೆಲಸವಿಲ್ಲ.

ಉಪಾಧ್ಯಾಯರ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಪೆನ್‌ಡ್ರೈವಿನಿಂದ ಕಾರ್ಯವ್ಯವಸ್ಥೆಯನ್ನು ತುಂಬಲು ಮತ್ತೊಂದು ಗಂಟೆ. ಆಮೇಲೆ ಬಂದಿತು ನಿಜವಾದ ಗಾಬರಿ. ಹಾಡಿನ ಕಡತ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಕಡತ ಕೆಟ್ಟಿರಲಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಲೇಖನಗಳು ಆಯಾ ಅಕ್ಷರಮಾದರಿಯಿಲ್ಲದೆ ಕನ್ನಡವಾಗಿ ಕಾಣವು. ಕಡತವನ್ನು ಉಳಿಸಿಕೊಂಡವರು ಫಾಂಟನ್ನೂ ಉಳಿಸಿಕೊಳ್ಳಬೇಕೆಂಬುದು ಕನ್ನಡಿಗರಿಗೇ ವಿಶೇಷವಾಗಿ ಹೇಳಬೇಕಾದ ಮಾತು. ಹಳೆಯ ಫಾಂಟನ್ನು ಮತ್ತೆ ಹಾಕಿದೊಡನೆ ಹಸೆಯ ಹಾಡು ಪರದೆಯ ಮೇಲೆ ಸಾಲುಸಾಲಾಗಿ ಬಂದು ನಿಂತಿತು. ಈಗ ಅವರು ಒಂದೊಂದನ್ನೇ ಯೂನಿಕೋಡಿಗೆ ಪರಿವರ್ತಿಸುತ್ತಿದ್ದಾರೆ. ಒಂದು ಪ್ರತಿ ಶಿವಮೊಗ್ಗದ ಮಗಳ ಮನೆಯಲ್ಲಿದೆ.

ಧ್ವನಿಯಲ್ಲಿ ಎರಡು ಹಾಡು ಬರಲಿಲ್ಲ. ಅವನ್ನು ಬಲ್ಲ ಚಿಕ್ಕಮ್ಮನೊಬ್ಬರು ತೀರ್ಥಹಳ್ಳಿಯ ಕಡೆ ಇದ್ದಾರಂತೆ, ಎಂಬತ್ತು ದಾಟಿದವರು. ದಸರೆಯವರೆಗೆ ಕಾಯುವುದು ಬೇಡವೆಂದು ಬರುವ ಭಾನುವಾರದ ಬಸ್ಸಿಗೇ ಚೀಟಿ ತೆಗೆಸಿದ್ದಾರೆ.