ಈ ವಯಸ್ಸಿನಾಗ ರಾಕ್ ಏನವಾ?

ಅವ್ವನ ವರ್ಷದ ತಿಥಿ ಊಟ ಮುಗದು, ಹೆಣ್ಣಮಕ್ಕಳೆಲ್ಲಾ ಹಿತ್ತಲ ಕಟ್ಟಿ ಮ್ಯಾಲೆ ಎಲಿ ಅಡಕಿ ಹಾಕ್ಕೊಂಡು ಕೂತಾಗ ನಮ್ಮ ಕಾಕು ಒಂದು ಮಾತು ಅಂದ್ರು. ನನಗ ಕೇಳಸಲಿ ಅಂತನ ಅಂದದ್ದು. "ಅವ್ವ ಹೋಗಿ ವರ್ಷ ಆಗೂದರಾಗ ಇಕಿ ಕಿವ್ಯಾಗ ಅದೇನೋ ಸಿಗಿಸ್ಕೊಂಡು ಇಂಗ್ಲೀಷ್ ಗದ್ದಲಾ ಕೇಳ್ಕೋತ ಭಾಂಡಿ ತಿಕ್ಕತಾಳ. ಬೆಂಗಳೂರಿಗೆ ಹೋಗಿ ಹುಡುಗೂರ ನಡಕ ನಿಂತು ಹಾಡು ಕೇಳಿ ಬಂದಾಳಂತ. ಐವತ್ತಾರು ಮುಗದಾವ, ಈ ವಯಸ್ಸಿನಾಗ ರಾಕ್ ಏನವಾ?"

ವೈನಿ ನಕ್ಕರು. ಬಾಜೂ ಮನಿ ಅಕ್ಕನೂ ನಕ್ಕಳು. ಖರೇ ಹೇಳಬೇಕಂದ್ರ ನಾನೂ ನಕ್ಕೆ, ತಿಥಿ ಮನ್ಯಾಗ ಎಲ್ಲೆ ವಾದಾ ಮಾಡ್ಲಿ ಅಂತ. ಆದ್ರ ಆ ಮಾತು ಎಂಟು ದಿನಾ ಹೊಟ್ಟ್ಯಾಗ ಕೂತದ. ಅದಕ್ಕ ಇವತ್ತ ಬರೀಲಿಕತ್ತೇನಿ. ಕಾಕು, ಸಿಟ್ಟಿಗೇಳಬ್ಯಾಡ್ರಿ, ಪೂರ್ತಿ ಓದ್ರಿ. ವೈನಿ, ನೀವೂ.

ಮೊದಲು, ನಾ ಕೇಳೂದು ಏನು ಅಂತ ಹೇಳತೇನಿ. ಇದಕ್ಕ ಇಂಡಿ ರಾಕ್ ಅಂತಾರ. ಇಂಡಿ ಅಂದ್ರ ಇಂಡಿಪೆಂಡೆಂಟ್. ದೊಡ್ಡ ಕಂಪನಿ ರೊಕ್ಕಾ ಹಾಕಿ, ಇಂಥಾದ್ದ ಹಾಡ್ರಿ, ಇಂಥಾದ್ದ ಉಟ್ಕೋರಿ ಅಂತ ಹೇಳಿ ಮಾಡಸಿದ್ದಲ್ಲ. ಸಣ್ಣ ಕಂಪನಿ, ತಮ್ಮ ಹಾಡು, ತಮ್ಮ ಹಟಾ. ನಮ್ಮ ಓಣ್ಯಾಗ ಚಟ್ನಿಪುಡಿ ಮಾಡಿ ಮಾರೋ ಹೆಣ್ಣಮಕ್ಕಳು ಇದನ್ನ ಲಗೂನ ತಿಳ್ಕೋತಾರ. ಗಿಟಾರು, ಡ್ರಮ್ಮು ಇರ್ತಾವ. ಗದ್ದಲಾನೂ ಇರ್ತದ, ಇಲ್ಲ ಅನ್ನಂಗಿಲ್ಲ.

ಈಗ ವಯಸ್ಸಿನ ಮಾತಿಗೆ ಬರೋಣ. ಅಮೇರಿಕಾದ ಒಹಾಯೊ ರಾಜ್ಯದಾಗ ಡೇಟನ್ ಅಂತ ಒಂದು ಊರದ. ಆ ಊರಾಕಿ ಕಿಮ್ ಡೀಲ್. ಹುಟ್ಟಿದ್ದು 1961ರಾಗ. ಹರೇದಾಗ ಪಿಕ್ಸೀಸ್ ಅನ್ನೋ ತಂಡದಾಗ ಬೇಸ್ ಗಿಟಾರು ಬಾರಸತಿದ್ಲು. ಆಮ್ಯಾಲೆ ಅವಳಿ ತಂಗಿ ಕೆಲ್ಲಿ ಜೋಡಿ ಬ್ರೀಡರ್ಸ್ ಅಂತ ತನ್ನ ತಂಡಾ ನಡಸಿದ್ಲು. 1993ರಾಗ ಅವರ 'ಕ್ಯಾನನ್‌ಬಾಲ್' ಹಾಡು ಭಾಳ ಹೆಸರಾತು. ಇಂಥಾಕಿ ಮುಂದ ಏನ ಮಾಡಿದ್ಲು? ಅವ್ವಗ ಮರೆವಿನ ಬ್ಯಾನಿ ಬಂತು, ಅಲ್‌ಝೈಮರ್ಸ್. ಇಕಿ ಊರಿಗೆ ತಿರಗಿ ಬಂದು ಅವ್ವನ್ನ ವರ್ಷಗಟ್ಟಲೆ ನೋಡ್ಕೊಂಡ್ಲು. ನಡುನಡುವ ತಂಡ, ಪ್ರವಾಸ ನಡದಾವ, ಆದ್ರ ಮನಿ ಅಂದ್ರ ಆ ಮನಿನ. ಕಡೀಕ 2024ರ ನವೆಂಬರ್‌ನಾಗ, ಅರವತ್ತಮೂರನೇ ವಯಸ್ಸಿನಾಗ, ಬರೇ ತನ್ನ ಹೆಸರಿನ ಮ್ಯಾಲೆ ತನ್ನ ಮೊದಲನೇ ಆಲ್ಬಮ್ ತಂದ್ಲು. ಅದರ ಹೆಸರು 'ನೋಬಡಿ ಲವ್ಸ್ ಯು ಮೋರ್'.

ಅರವತ್ತಮೂರಕ್ಕ ಮೊದಲನೇದು, ಕಾಕು. ನಾವು ಆ ವಯಸ್ಸಿಗೆ ಮೊಣಕಾಲು ನೋವಿನ ಎಣ್ಣಿ ಯಾವುದು ಛಲೋ ಅಂತ ಮಾತಾಡ್ತೇವಿ.

ಆ ಆಲ್ಬಮ್ಮಿನಾಗ 'ಆರ್ ಯು ಮೈನ್?' ಅಂತ ಒಂದು ಹಾಡದ. ಅದು ಹತ್ತು ವರ್ಷದ ಹಿಂದ ಒಂದು ಸಣ್ಣ ರೆಕಾರ್ಡಿನ ಮ್ಯಾಲೂ ಬಂದಿತ್ತು. ಕೇಳಿದ್ರ ಹಳೇ ಕಾಲದ ಪ್ರೇಮಗೀತೆ ಅನಸ್ತದ, ನಿಧಾನ, ಮೆತ್ತಗ. ನೀ ನನ್ನಕಿ ಹೌದಲ್ಲೋ ಅಂತ ಕೇಳೂ ಹಾಡು. ನಾ ಮೊದಲ ಸಲ ಯಾರೋ ನಲ್ಲ ನಲ್ಲೆ ಕತಿ ಅಂತ ತಿಳ್ಕೊಂಡು, ಭಾಂಡಿ ತಿಕ್ಕೋತ ಕೇಳಿ ಬಿಟ್ಟಿದ್ದೆ. ಆಮ್ಯಾಲೆ ಓದಿದೆ: ಆ ಮಾತು ಆಕಿ ಅವ್ವ ಕೇಳಿದ್ದು. ಮನ್ಯಾಗ ನಡಕೋತ ಹೊಂಟಾಗ ಎದುರಿಗೆ ಬಂದ ಮಗಳನ್ನ ನಿಲ್ಲಿಸಿ, ಹೆಸರು ಮರೆತ ಆ ಅವ್ವ, ನೀ ನನ್ನಕಿ ಏನು ಅಂತ ಕೇಳಿದ್ಲಂತ.

ನಮ್ಮವ್ವ ಕಡೀ ಎರಡು ವರ್ಷ ನನಗ ಏನ ಕೇಳತಿದ್ಲು, ನಿಮಗೆಲ್ಲಾ ನೆನಪದನೋ ಇಲ್ಲೋ. "ಯಾರ ಪೈಕಿ ಅವಾ ನೀ?" ಮುಂಜಾನೆ ಹಾಲು ಕೊಡಲಿಕ್ಕೆ ಹೋದ್ರ ಅದನ್ನ ಕೇಳತಿದ್ಲು, ರಾತ್ರಿ ಹೊದಿಕಿ ಹೊದಿಸಿದಾಗೂ ಅದನ್ನ. ಒಂದೊಂದು ದಿನಾ ಇಪ್ಪತ್ತು ಸಲ. ನಾ "ನಿನ್ನ ಪೈಕಿನ ಅವ್ವಾ" ಅಂತಿದ್ದೆ. ಆಕಿ, ಮನಿಗೆ ಬಂದ ಬೀಗರಿಗೆ ನಗೂಹಂಗ, ನೋಡಿ ನಗತಿದ್ಲು. ನೀವು ಬಂದಾಗೆಲ್ಲಾ "ಪುಣ್ಯಾ ಕಟ್ಕೋಳಿಕತ್ತೀದಿ" ಅಂದ್ರಿ, ಖರೇ. ಭಜನಾ ಮಂಡಳದವರು ಬಂದು ಅವ್ವನ ಮುಂದ ದಾಸರ ಪದಾ ಹಾಡಿದ್ರಿ, ಆಕಿ ತುಟಿ ಅಲಗಿಸಿದ್ಲು, ಅದನ್ನ ನಾ ಸಾಯೂತನಕ ಮರಿಯಂಗಿಲ್ಲ. ಆದ್ರ ಆ ಯಾರ ಪೈಕಿ ಅನ್ನೋ ಮಾತು ಎದಿಗೆ ಹೆಂಗ ನೆಟ್ಟಿತ್ತು ಅಂತ ನನ್ನ ಯಾರೂ ಕೇಳಲಿಲ್ಲ. ಡೇಟನ್ನಿನ ಹೆಣ್ಣಮಗಳು ಕೇಳಿದ್ಲು. ಆವತ್ತ ನಳಾ ಬಂದ್ ಮಾಡಿ, ಅಡಗಿ ಮನಿ ನೆಲದ ಮ್ಯಾಲೆ ಕೂತು ಅತ್ತೆ. ಹದಿಮೂರು ದಿನದಾಗ ಬರದ ಅಳು ಆವತ್ತ ಬಂತು. ಕಾಕು, ನೀವು ಗದ್ದಲಾ ಅಂದದ್ದು ಇದಕ್ಕ.

ಆ ಗದ್ದಲದ ಮಾತೂ ಒಂದಿಷ್ಟು ಆಡೋಣ. ಹೋಳಿಗೆ ಹುಬ್ಬಳ್ಳ್ಯಾಗ ಜಗ್ಗಲಗಿ ಬಾರಸ್ತಾರಲ್ಲ, ಆಳೆತ್ತರದ ಚರ್ಮದ ವಾದ್ಯ, ಓಣ್ಯಾಗ ಹೊಂಟ್ರ ಕಿಟಕಿ ಗಾಜು ನಡಗತಾವ. ಅದಕ್ಕ ಯಾರೂ ಈ ವಯಸ್ಸಿನಾಗ ಏನವಾ ಅಂತ ಕೇಳಂಗಿಲ್ಲ, ನಾವ ಮಾಳಗಿ ಮ್ಯಾಲೆ ನಿಂತು ನೋಡ್ತೇವಿ. ಗಣಪತಿ ಕಳಸೂ ಮುಂದ ಡಿಜೆ ಹಚ್ಚಿದ್ರ ಎದಿ ಬಡ್ಕೋತದ, ಆದ್ರೂ ದೇವರ ಕೆಲಸಾ ಅಂತ ಸುಮ್ನಿರ್ತೇವಿ. ಡ್ರಮ್ಮು ಬಾರಿಸಿದ್ರ ಮಾತ್ರ ಗದ್ದಲಾ.

ದನಿ ಒರಟದ ಅಂತ ವೈನಿ ಒಮ್ಮೆ ಅಂದಿದ್ರು, "ಹೆಂಗಸೋ ಗಂಡಸೋ ತಿಳಿಯಂಗಿಲ್ಲ" ಅಂತ. ವೈನಿ, ನಾವು ಧಾರವಾಡದವರು. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸಾ ಆದ ಮ್ಯಾಲೆ ಹೆಂಗ ಗಡಸಾತು, ಆ ಗಡಸು ದನಿ ಕೇಳಲಿಕ್ಕೆ ದೇಶಾನ ಹೆಂಗ ಕೂತಿತು ಅನ್ನೋದು ನಮಗ ಯಾರರೆ ಹೇಳಬೇಕೇನು? ಅದ ಗಂಗೂಬಾಯಿ ಸಣ್ಣಾಕಿ ಇದ್ದಾಗ ಶುಕ್ರವಾರಪೇಟಿಯೊಳಗ ನಡಕೋತ ಹೊಂಟ್ರ ಮಂದಿ "ಗಾನೇವಾಲಿ" ಅಂತ ಹಂಗಸ್ತಿದ್ರು. ಹಂಗಿಸಿದವರು ಯಾರು? ನಮ್ಮಂಥಾವರ ಅಜ್ಜಂದ್ರು ಅಜ್ಜ್ಯಾರು. ಈಗ ಅವರ ಹೆಸರು ಹೇಳಿ ಎದಿ ಉಬ್ಬಸ್ತೇವಿ. ಹಾಡೋ ಹೆಣ್ಣಿಗೆ ಒಪ್ಪಿಗಿ ಕೊಡಲಿಕ್ಕೆ ನಮ್ಮೂರಿಗೆ ಯಾವಾಗೂ ಐವತ್ತು ವರ್ಷ ತಡಾ. ಕೇಳೋ ಹೆಣ್ಣಿಗೆ ಇನ್ನೆಷ್ಟು ಬೇಕೋ.

ಮತ್ತ ಇಂಗ್ಲೀಷ್ ತಿಳಿಯಂಗಿಲ್ಲ ಅಂತ ಒಂದು ನೆವಾ. ಖ್ಯಾಲಿನ ಚೀಜು ಬ್ರಜ ಭಾಷಾದಾಗ ಇರ್ತಾವ, ಅಭಂಗ ಮರಾಠಿಯೊಳಗ. ಎಷ್ಟು ಮಂದಿಗೆ ಅರ್ಥಾ ತಿಳದು ತಲಿ ಅಲಗಿಸ್ತೇವಿ? ಅಲ್ಲೆ ನಡೀತದ, ಇಲ್ಲೆ ನಡಿಯಂಗಿಲ್ಲ.

ಇನ್ನೊಬ್ಬಾಕಿ ಕಿಮ್ಮಳ ಬಗ್ಗೆನೂ ಹೇಳಲೇಬೇಕು, ಇಕಿ ಕಿಮ್ ಗಾರ್ಡನ್. ಸಾನಿಕ್ ಯೂತ್ ತಂಡದಾಕಿ, 1953ರಾಗ ಹುಟ್ಟಿದಾಕಿ. 'ದಿ ಕಲೆಕ್ಟಿವ್' ಅನ್ನೋ ಆಲ್ಬಮ್ 2024ರ ಮಾರ್ಚ್ 8ಕ್ಕ ಬಂತು, ಅಂದ್ರ ನಾವು ಹೆಣ್ಣಮಕ್ಕಳ ದಿನಾ ಅಂತ ವಾಟ್ಸಾಪಿನಾಗ ಗುಲಾಬಿ ಹೂ ಕಳಿಸೋ ದಿನಾ. ಆವಾಗ ಆಕಿಗೆ ಎಪ್ಪತ್ತು. ಅದರಾಗಿನ ಮೊದಲನೇ ಹಾಡು 'ಬೈ ಬೈ' ಅಂದ್ರ ಏನಂತೀರಿ? ಊರಿಗೆ ಹೊಂಡೂವಾಗಿನ ಯಾದಿ. ಇಂಥಾ ಅರಿವಿ, ಇಂಥಾ ಔಷಧ, ಕೈಗೆ ಹಚ್ಚೋ ಕ್ರೀಮು, ನಾಯಿ ನೋಡ್ಕೋಳಿಕ್ಕೆ ಯಾರಿಗೆ ಹೇಳಬೇಕು, ಇಂಥಾವನ್ನ ಒಂದೊಂದಾಗಿ ಹೇಳ್ತಾಳ, ಹಾಡೂದಲ್ಲ, ಗೊಣಗೂದು. ಹಿಂದ ಗೋಡೆ ಕೆಡವಿದಂಥಾ ಸಪ್ಪಳ. ಸೂಟಿಗೆ ಹೊಂಟಾಗ ನಮ್ಮ ತಲ್ಯಾಗ ಹಿಂಗ ನಡೀತಿರ್ತದಲ್ಲ, ಗ್ಯಾಸ್ ಬಂದ್ ಮಾಡಿದೆನೋ, ಇವರ ಬಿಪಿ ಗುಳಗಿ ಇಟ್ಟೆನೋ, ತುಳಸಿಗೆ ನೀರು ಯಾರು ಹಾಕ್ತಾರ. ಅದರ ವಿಡಿಯೋದಾಗ ಆಕಿ ಮಗಳು ಕೊಕೊನ ಬಂದಾಳ. ಆ ಆಲ್ಬಮ್ ಎರಡು ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣ ಆತು. ಹಂಗಂತ ಸುಳ್ಳು ಹೇಳಂಗಿಲ್ಲ: ಪೂರ್ತಿ ಆಲ್ಬಮ್ ಮೊದಲ ಸಲ ಕೇಳಿದಾಗ ತಲಿ ಶೂಲಿ ಬಂತು. ಈಗೂ ಮುಂಜಾನೆ ಹೊತ್ತಿನಾಗ ಹಚ್ಚಂಗಿಲ್ಲ. ಮಧ್ಯಾಹ್ನ ಯಾರ ಮ್ಯಾಲರೆ ಸಿಟ್ಟು ಬಂದ್ರ ಹಚ್ಚತೇನಿ, ಹಿಟ್ಟು ನಾದಲಿಕ್ಕೆ ಭಾಳ ಛಲೋ.

ಕಿಮ್ ಡೀಲಳ ಆಲ್ಬಮ್ ಬ್ಯಾರೆ, ಅದು ಮನ್ಯಾಗ ಇಡೂಹಂಗ ಅದ. ಮೊದಲನೇ ಹಾಡಿನಾಗ ಪಿಟೀಲುಗಳು ತಾವಾಗೇ ಬಂದು ಕೂತ್ಕೋತಾವ. ಅದರಾಗಿನ ಕೆಲವು ಹಾಡು ಧ್ವನಿಮುದ್ರಣಾ ಮಾಡಿದಂವ ಸ್ಟೀವ್ ಆಲ್ಬಿನಿ, ಶಿಕಾಗೋದಾಂವ. ಆಲ್ಬಮ್ ಹೊರಗ ಬರೂ ಮೊದಲ, ಅದ ವರ್ಷ ಮೇ ತಿಂಗಳದಾಗ ತೀರಿಕೊಂಡ. ಅಂವನ ಒಂದು ಮಾತು ನನಗ ಭಾಳ ಸೇರ್ತದ. ಎಷ್ಟ ದೊಡ್ಡ ತಂಡ ಆಗಲಿ, ಮಾರಾಟದಾಗ ಪಾಲು ತಗೋತಿದ್ದಿಲ್ಲ. ನಳಾ ರಿಪೇರಿ ಮಾಡೋನಿಗೆ ಕೊಟ್ಟಹಂಗ ಕೆಲಸದ ಕೂಲಿ ಕೊಡ್ರಿ ಸಾಕು ಅಂತಿದ್ದ. ನಮ್ಮ ನಳದಾಂವ ಎರಡು ಸಲ ಬಂದು ಮೂರು ಸಲದ ರೊಕ್ಕಾ ತಗೊಂಡು ಹೋದ, ಅದು ಬ್ಯಾರೆ ಮಾತು.

ಈಗ ಬೆಂಗಳೂರಿನ ಕತಿ. ಮಗಳು ಕರ್ಕೊಂಡು ಹೋಗಿದ್ಲು, ಇಂದಿರಾನಗರದ ಕಡೆ ಒಂದು ಸಣ್ಣ ಜಾಗಾಕ್ಕ. ಬಾಗಲದಾಗ ನಿಂತಾಂವ ನನ್ನ ನೋಡಿ, "ಮಗಳನ್ನ ಪಿಕಪ್ ಮಾಡಕ್ ಬಂದ್ರಾ ಮೇಡಂ? ಮುಗಿಯೋಕೆ ಇನ್ನೂ ಟೈಮಿದೆ" ಅಂದ. ಕೈಯಾಗಿನ ಟಿಕೀಟು ತೋರಿಸಿದೆ. ಎರಡು ಸಲ ನೋಡಿದ. ಒಳಗ ಒಂದು ಕುರ್ಚಿ ಇದ್ದಿಲ್ಲ. ಎಂಟಕ್ಕ ಅಂದದ್ದು ಶುರು ಆಗಿದ್ದು ಒಂಬತ್ತೂವರಿಗೆ. ಹೆಣ್ಣಮಕ್ಕಳ ಬಚ್ಚಲಕ್ಕ ಅಗಳಿ ಇಲ್ಲ, ಮಗಳು ಹೊರಗ ಬಾಗಲಾ ಹಿಡಕೊಂಡು ನಿಂತ್ಲು. ಇದನ್ನ ನಡಸವರಿಗೂ ನನ್ನ ಜಗಳಾ ಅದ: ನಲವತ್ತು ದಾಟಿದ ಹೆಂಗಸು ಹಾಡು ಕೇಳಲಿಕ್ಕೆ ಬರ್ತಾಳ ಅನ್ನೋದು ಇವರ ಕನಸಿನಾಗೂ ಇಲ್ಲ. ಅದಕ್ಕ ಕುರ್ಚಿನೂ ಇಲ್ಲ, ಅಗಳಿನೂ ಇಲ್ಲ. ಗಡ್ಡಾ ಬಿಟ್ಟ ಒಬ್ಬ ಹುಡುಗ ಬಂದು "ಆಂಟಿ, ಈ ಥರದ ಮ್ಯೂಸಿಕ್ ನಿಮಗೆ ಗೊತ್ತಾ?" ಅಂತ ಕೇಳಿದ. ಬ್ರೀಡರ್ಸ್ ಹೆಸರು ಹೇಳಿದೆ. ಅಂವಗ ಗೊತ್ತಿದ್ದಿಲ್ಲ. ಫೋನಿನಾಗ ಬರಕೊಂಡ.

ಆದ್ರ ಹಾಡು ಶುರು ಆದ ಮ್ಯಾಲೆ ಬ್ಯಾರೆನ ಆತು. ಫೋನಿನಾಗ ಕೇಳೂದಕ್ಕೂ ಅಲ್ಲೆ ನಿಲ್ಲೂದಕ್ಕೂ ಭಾಳ ಅಂತರ ಅದ. ಡ್ರಮ್ಮಿನ ಪೆಟ್ಟು ಚಪ್ಪಲಿಯಿಂದ ಏರಿ ಬರ್ತದ. ಹಾಡೋ ಹುಡುಗಿ ಇಪ್ಪತ್ತೈದರಾಕಿ ಇರಬೇಕು, ನಡಕ ಒಂದು ಹಾಡಿನ ಪದಾ ಮರತು ನಕ್ಕು, ಮತ್ತ ಮೊದಲಿಂದ ಹಿಡದ್ಲು. ಮಂದಿ ಚಪ್ಪಾಳಿ ತಟ್ಟಿದ್ರು. ಎರಡು ತಾಸು ನನ್ನ ಯಾರೂ ಅವ್ವ ಅನ್ನಲಿಲ್ಲ, ವೈನಿ ಅನ್ನಲಿಲ್ಲ, ಯಾರ ಪೈಕಿ ಅಂತ ಕೇಳಲಿಲ್ಲ. ಮೊಣಕಾಲು ಮರುದಿನ ನೋಯಿಸಿದ್ವು. ಹುಡುಗೂರ ನಡಕ ನಿಂತದ್ದು ಖರೇ, ಕಾಕು. ಕುಣೀಲಿಲ್ಲ, ಅದು ಸುಳ್ಳು ಸುದ್ದಿ. ಮುಂದಿನ ಸಲ ಕುಣಿಯಂಗಿಲ್ಲ ಅಂತ ಮಾತ್ರ ಹೇಳಂಗಿಲ್ಲ.

ಅಲ್ಲೆ ದೂರ ದೇಶದಾಗ ಇದು ಆಗ್ಲಿಕತ್ತದ. 2024ರಾಗ ಒಲಿವಿಯಾ ರೊಡ್ರಿಗೊ, ಇಪ್ಪತ್ತೊಂದರ ಹುಡುಗಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಾಗ ತನ್ನ ಕಛೇರಿಗೆ ಮೊದಲ ಹಾಡಲಿಕ್ಕೆ ಬ್ರೀಡರ್ಸ್ ತಂಡಾನ ಕರಸಿದ್ಲು. 'ಕ್ಯಾನನ್‌ಬಾಲ್' ಬಂದಾಗ ಹುಟ್ಟೂ ಇರದ ಹುಡುಗ್ಯಾರು, ಅವರನ್ನ ಕರ್ಕೊಂಡು ಬಂದ ಅವ್ವಂದ್ರು, ಒಂದ ಕಡೆ. ಆ ಅವ್ವಂದ್ರನ್ನೂ ಬಾಗಲದಾಗ ಯಾರರೆ ಪಿಕಪ್ಪೇನು ಅಂತ ಕೇಳಿದ್ರೋ ಏನೋ.

ರೊಕ್ಕದ ಮಾತು ಬಂದೇ ಬರ್ತದ, ಅದಕ್ಕ ನಾನ ಹೇಳಿಬಿಡ್ತೇನಿ. ಬೆಂಗಳೂರಿನ ಟಿಕೀಟು ಎಂಟುನೂರು. ಎರಡು ಕುಪ್ಪಸಾ ಹೊಲಿಸೂ ರೊಕ್ಕ. ಯಾರ ಮದವಿಗೂ ಹೊಸಾ ಕುಪ್ಪಸಾ ಹೊಲಸಲಿಲ್ಲ ಈ ವರ್ಷ, ಯಾರೂ ಗಮನಿಸಲೂ ಇಲ್ಲ. ಫೋನಿನಾಗ ಪುಗಸಟ್ಟಿ ಕೇಳಬಹುದಲ್ಲ ಅಂತೀರಿ. ಕೇಳಬಹುದು. ಆದ್ರ ಸ್ಪಾಟಿಫೈದಾಗ ಒಂದು ಹಾಡನ್ನ ವರ್ಷದಾಗ ಸಾವಿರ ಸಲರೆ ಕೇಳಲಿಲ್ಲಾಂದ್ರ ಆ ಹಾಡಿಗೆ ಒಂದು ಪೈಸಾನೂ ಕೊಡಂಗಿಲ್ಲ, 2024ರಿಂದ ಇದು ಅವರ ನೇಮ. ಚಟ್ನಿಪುಡಿ ಸಾವಿರ ಡಬ್ಬಿ ಮಾರೂತನಕ ರೊಕ್ಕಾ ಕೊಡಂಗಿಲ್ಲ ಅಂತ ಅಂಗಡ್ಯಾಂವ ಅಂದ್ರ ನೀವು ಅಂವಗ ಏನಂತಿದ್ರಿ? ಅದಕ್ಕ ಕಿಮ್ ಡೀಲಳ ಆಲ್ಬಮ್ ನಾ ರೊಕ್ಕಾ ಕೊಟ್ಟ ತಗೊಂಡೇನಿ.

ಇನ್ನ ಶ್ರಾವಣದ ಮಂಗಳವಾರ ಎಂದಿನಹಂಗ ಅರಿಷಿಣ ಕುಂಕುಮಕ್ಕ ಬರ್ರಿ, ಹಾಡಿನ ಪುಸ್ತಕಾ ತರ್ರಿ, ಆರತಿ ಹಾಡು ಕಾಕುನ ಹೇಳಬೇಕು, ಅದರಾಗ ಏನೂ ಬದಲಿಲ್ಲ. ಅದಕ್ಕೂ ಮೊದಲ ಈ ಶನಿವಾರ ನಾಕೂವರಿಗೆ ನಮ್ಮ ಮನ್ಯಾಗ ಆ ಆಲ್ಬಮ್ ಹಚ್ಚತೇನಿ, ದೊಡ್ಡ ಸ್ಪೀಕರಿನ ಮ್ಯಾಲೆ, ಕಿವ್ಯಾಗ ಸಿಗಿಸ್ಕೊಂಡಲ್ಲ. ಒಂದೊಂದು ಹಾಡಿನ ಅರ್ಥಾ ನಾ ಹೇಳತೇನಿ. ಹಚ್ಚಿದ ಅವಲಕ್ಕಿ, ಚಹಾ ಇರ್ತಾವ. ಅರ್ಧಾಕ್ಕ ಎದ್ದು ಹೋದ್ರೂ ನಡೀತದ ಕಾಕು, ಆದ್ರ 'ಆರ್ ಯು ಮೈನ್?' ಆಗೂತನಕ ಕೂಡ್ರಿ. ಕುರ್ಚಿ ಹತ್ತು ಅದಾವ.